ಬೈಬಲ್ ಕಥೆಗಳು: ಪುಸ್ತಕದ್ದೆಷ್ಟು, ಹೇಳಿದವರದ್ದೆಷ್ಟು?

ಮಸಿಕುಡಿಕೆ:

ಮೊದಲು ಒಂದು ಸಣ್ಣ ಪರೀಕ್ಷೆ. ಏದೆನ್ ತೋಟದಲ್ಲಿ ಆದಾಮ, ಹವ್ವ ತಿಂದ ಹಣ್ಣು ಯಾವುದು? ಯೇಸು ಹುಟ್ಟಿದಾಗ ಪೂರ್ವದಿಂದ ನೋಡಲು ಬಂದವರು ಎಷ್ಟು ಜನ? ಯೋನನನ್ನು ನುಂಗಿದ್ದು ಏನು? ಮಗ್ದಲದ ಮರಿಯಳು ಮೊದಲು ಏನಾಗಿದ್ದಳು?

ಸೇಬು, ಮೂವರು ರಾಜರು, ತಿಮಿಂಗಿಲ, ವೇಶ್ಯೆ. ಕೇಳಿದವರಲ್ಲಿ ಹೆಚ್ಚಿನವರು ಹೀಗೇ ಹೇಳುತ್ತಾರೆ. ಈಗ ಪುಸ್ತಕ ತೆಗೆದು ನೋಡಿ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ಹಣ್ಣಿಗೆ ಹೆಸರೇ ಇಲ್ಲ. ಯೇಸುವಿನ ಬದುಕು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಮತ್ತಾಯನ ಸುವಾರ್ತೆಯಲ್ಲಿ ಜೋಯಿಸರು ಬಂದರು ಅಂತಿದೆ, ಎಷ್ಟು ಮಂದಿ ಅಂತಿಲ್ಲ, ರಾಜರು ಅಂತಲೂ ಇಲ್ಲ. ಕಾಣಿಕೆ ಮೂರು ಬಗೆಯದು, ಅಷ್ಟೇ. ಯೋನನ ಪುಸ್ತಕದಲ್ಲಿರುವುದು ದೊಡ್ಡ ಮೀನು. ಕ್ರಿಸ್‌ಮಸ್ ಗೋದಲಿಯಲ್ಲಿ ತಪ್ಪದೆ ನಿಲ್ಲುವ ಎತ್ತು, ಕತ್ತೆ ಕೂಡ ಸುವಾರ್ತೆಗಳಲ್ಲಿ ಇಲ್ಲ.

ಮಗ್ದಲದ ಮರಿಯಳಿಗೆ ಆದದ್ದಂತೂ ಅನ್ಯಾಯ. ಲೂಕನು ಆಕೆಯನ್ನು ಏಳು ದೆವ್ವಗಳಿಂದ ಬಿಡುಗಡೆಯಾದವಳು ಎನ್ನುತ್ತಾನೆ. ನಾಲ್ಕೂ ಸುವಾರ್ತೆಗಳಲ್ಲಿ ಬರಿದಾದ ಸಮಾಧಿಯನ್ನು ನೋಡಿದವರ ಪೈಕಿ ಆಕೆ ಇದ್ದಾಳೆ. ಆದರೆ 591ರಲ್ಲಿ ಪೋಪ್ ಒಂದನೇ ಗ್ರೆಗರಿ ಒಂದು ಪ್ರಸಂಗದಲ್ಲಿ, ಲೂಕನ ಸುವಾರ್ತೆಯ ಹೆಸರಿಲ್ಲದ 'ಪಾಪಿ ಹೆಂಗಸು' ಇವಳೇ ಅಂದುಬಿಟ್ಟರು. ಅಲ್ಲಿಂದ ಚಿತ್ರಕಾರರು ಶುರು ಮಾಡಿದರು. ಬಿಚ್ಚಿದ ಕೂದಲು, ಕಣ್ಣೀರು, ಕೈಯಲ್ಲಿ ಸುಗಂಧದ ಭರಣಿ. ಕಥೋಲಿಕ ಧರ್ಮಸಭೆ ತನ್ನ ಪಂಚಾಂಗ ತಿದ್ದಿ ಈ ಇಬ್ಬರನ್ನು ಬೇರೆ ಮಾಡಿದ್ದು 1969ರಲ್ಲಿ. ಅಷ್ಟು ಹೊತ್ತಿಗೆ ಜನರ ತಲೆಯಲ್ಲಿ ಚಿತ್ರ ಗಟ್ಟಿಯಾಗಿ ಕೂತಿತ್ತು.

ನನ್ನ ಮಾತು ಇಷ್ಟೇ. 'ಬೈಬಲ್ ಕಥೆಗಳು ಕಲೆಯ ಮೇಲೆ ಪ್ರಭಾವ ಬೀರಿದವು' ಅಂತ ಎಲ್ಲರೂ ಬರೆಯುತ್ತಾರೆ. ಅದಕ್ಕಿಂತ ಜಾಸ್ತಿ, ಕಥೆ ಹೇಳಿದವರು, ಕೆತ್ತಿದವರು, ಅರ್ಧಕ್ಕೆ ಕತ್ತರಿಸಿದವರು ಬೈಬಲ್ ಮೇಲೆ ಪ್ರಭಾವ ಬೀರಿದ್ದಾರೆ. ಜಗತ್ತಿಗೆ ತಲುಪಿದ ನೀತಿಯೂ ಹಾಗೆ ಬಂದದ್ದೇ. ಒಪ್ಪದವರು ಬನ್ನಿ.

ಕಾಜಾಣ:

ಮಸಿಕುಡಿಕೆ ಸರ್, ಅರ್ಧ ಒಪ್ಪಿದೆ. ಆದರೆ ಕಲಾವಿದರು ಸುಮ್ನೆ ಸೇಬು, ಕತ್ತೆ ಸೇರಿಸಿ ಕೈತೊಳೆದುಕೊಳ್ಳಲಿಲ್ಲ. ಹಳೆಯ ಕಥೆಯನ್ನು ಅವತ್ತಿನ ಜಗಳಕ್ಕೆ ಇಳಿಸಿದರು.

ದೈತ್ಯ ಗೊಲ್ಯಾತನನ್ನು ಕವಣೆಕಲ್ಲಿನಿಂದ ಕೆಡವಿದ ಹುಡುಗ ದಾವೀದನನ್ನೇ ನೋಡಿ. ಇಟಲಿಯ ಫ್ಲಾರೆನ್ಸ್ ಆಗ ಒಂದು ಸಣ್ಣ ಗಣರಾಜ್ಯ. 1494ರಲ್ಲಿ ಅಲ್ಲಿ ಅಧಿಕಾರ ನಡೆಸುತ್ತಿದ್ದ ಮೆಡಿಚಿ ಮನೆತನವನ್ನು ಊರಿಂದ ಓಡಿಸಿದ್ದರು. ಸುತ್ತ ತನಗಿಂತ ದೊಡ್ಡ ಶಕ್ತಿಗಳು. ಇಂಥ ಊರಿಗೆ ಕವಣೆ ಹಿಡಿದ ಹುಡುಗ ಬೇಕೇ ಬೇಕು. ಮೈಕೆಲಾಂಜೆಲೊ 1501ರಿಂದ 1504ರವರೆಗೆ ಕೆತ್ತಿದ ದಾವೀದ 5 ಮೀಟರಿಗಿಂತ ಎತ್ತರ. ಅದನ್ನು ಕೆತ್ತಿಸಿದ್ದು ಕ್ಯಾಥೆಡ್ರಲ್ ಮೇಲೆ ನಿಲ್ಲಿಸಲು. ಎಲ್ಲಿ ನಿಲ್ಲಿಸಬೇಕು ಅಂತ ಕೊನೆಗೆ ಒಂದು ಸಮಿತಿಯೇ ಕೂತಿತು. ಲಿಯೊನಾರ್ಡೊ ಡ ವಿಂಚಿ, ಬೊಟಿಚೆಲ್ಲಿ ಇಬ್ಬರೂ ಅದರಲ್ಲಿದ್ದರು. ಕಡೆಗೆ ನಿಂತದ್ದು ಸರ್ಕಾರದ ಅರಮನೆಯ ಬಾಗಿಲಲ್ಲಿ. ಅಲ್ಲಿಗೆ ಅದು ಭಕ್ತಿಯ ವಿಗ್ರಹವಾಗಿ ಉಳಿಯಲಿಲ್ಲ. ಸುತ್ತಲಿನವರಿಗೆ ಕೊಟ್ಟ ಎಚ್ಚರಿಕೆ ಆಯಿತು.

ಗಮನಿಸಿ, ಈ ದಾವೀದನ ಕಾಲಡಿಯಲ್ಲಿ ಗೊಲ್ಯಾತನ ತಲೆ ಇಲ್ಲ. ಡೊನಾಟೆಲ್ಲೊ, ವೆರೋಕಿಯೊ ಮಾಡಿದ ಕಂಚಿನ ದಾವೀದರಿಗೆ ಇದೆ. ಅವರದು ಗೆದ್ದ ಮೇಲಿನ ಹುಡುಗ. ಮೈಕೆಲಾಂಜೆಲೊನದು ಇನ್ನೂ ಕಲ್ಲು ಬೀಸದ ಹುಡುಗ. ಕುತ್ತಿಗೆಯ ನರ ಬಿಗಿದಿದೆ. ಈ ಒಂದು ಆಯ್ಕೆಯಿಂದ ಕಥೆಯ ನೀತಿಯೇ ಬದಲಾಗುತ್ತದೆ. 'ದೇವರು ಗೆಲ್ಲಿಸಿದ' ಅನ್ನುವ ಜಾಗದಲ್ಲಿ 'ಈಗ ಏನು ಮಾಡುತ್ತೀಯ' ಅನ್ನುವ ಪ್ರಶ್ನೆ ಬರುತ್ತದೆ.

ಸುಮ್ನೆ ಓದುವವ:

ಅಂದರೆ ಕಥೆ ದೇವರದ್ದು, ಜಾಹೀರಾತು ಸರ್ಕಾರದ್ದು. ಹೊಸದೇನಿದೆ ಇದರಲ್ಲಿ?

ಜೋಳಿಗೆ:

ಕಾಜಾಣ ಅವರೇ, ಆ ಸಮಿತಿಯ ಕಥೆಯಲ್ಲಿ ಅರ್ಧ ಬಿಟ್ಟಿರಿ. ಆ ಬಾಗಿಲಲ್ಲಿ ಆಗಲೇ ಇನ್ನೊಂದು ಮೂರ್ತಿ ಇತ್ತು. ಡೊನಾಟೆಲ್ಲೊ ಮಾಡಿದ ಯೂದಿತ್. ಶತ್ರು ಸೇನಾಪತಿ ಹೊಲೊಫರ್ನೀಸನ ತಲೆ ಕಡಿದು ತನ್ನ ಊರನ್ನು ಉಳಿಸಿದ ವಿಧವೆ. ಆಕೆಯ ಕಥೆ ಕಥೋಲಿಕರ ಬೈಬಲಿನಲ್ಲಿದೆ, ಪ್ರೊಟೆಸ್ಟೆಂಟರು ಅದನ್ನು ಹೊರಗಿಟ್ಟರು. 1504ರ ಆ ಸಭೆಯಲ್ಲಿ ಸರ್ಕಾರದ ಅಧಿಕಾರಿಯೊಬ್ಬ ಹೇಳಿದ್ದು ದಾಖಲೆಯಲ್ಲಿದೆ: ಯೂದಿತ್ ಅಪಶಕುನ, ಹೆಂಗಸು ಗಂಡಸನ್ನು ಕೊಲ್ಲುವುದು ಒಳ್ಳೆಯದಲ್ಲ. ಆಕೆಯನ್ನು ಎತ್ತಿ ಆ ಜಾಗದಲ್ಲಿ ದಾವೀದನನ್ನು ನಿಲ್ಲಿಸಿದರು. ಇಬ್ಬರೂ ಮಾಡಿದ್ದು ಒಂದೇ ಕೆಲಸ ಅಲ್ವಾ? ತಲೆ ಕಡಿದದ್ದು. ಅವನಾದರೆ ವೀರ, ಇವಳಾದರೆ ಅಪಶಕುನ.

ಮುಂದಿನದ್ದು ಇನ್ನೂ ಸ್ವಾರಸ್ಯ. ಚಿತ್ರಕಾರ ಕರವಾಜ್ಜೊ 1599ರ ಹೊತ್ತಿಗೆ ಇದೇ ಕಥೆಯ ಚಿತ್ರ ಬರೆದ. ಅವನ ಯೂದಿತ್ ಹುಬ್ಬು ಗಂಟಿಕ್ಕಿ, ಮೈ ಹಿಂದೆ ಸರಿಸಿ, ತೋಳು ಮುಂದೆ ಚಾಚಿ ಕತ್ತಿ ಹಿಡಿದಿದ್ದಾಳೆ. ರಕ್ತ ತಾಗೀತು ಅನ್ನುವ ಹಾಗೆ. ಆಮೇಲೆ ಬಂದವಳು ಆರ್ಟೆಮಿಸಿಯಾ ಜೆಂಟಿಲೆಸ್ಕಿ. ಆಕೆಯ ಯೂದಿತ್ ತೋಳು ಮಡಚಿಕೊಂಡು ಕೆಲಸಕ್ಕೆ ಇಳಿದಿದ್ದಾಳೆ. ದಾಸಿಯೂ ಚೀಲ ಹಿಡಿದು ಕಾಯುವ ಮುದುಕಿಯಲ್ಲ. ಗಟ್ಟಿಮುಟ್ಟಾದ ಹೆಂಗಸು, ಅವನನ್ನು ಹಾಸಿಗೆಗೆ ಅದುಮಿ ಹಿಡಿದಿದ್ದಾಳೆ. ಕತ್ತು ಕಡಿಯಲು ಎಷ್ಟು ಬಲ ಬೇಕು ಅಂತ ಯೋಚಿಸಿ ಬರೆದ ಚಿತ್ರ ಅದು.

ಆರ್ಟೆಮಿಸಿಯಾಳ ಮೇಲೆ ಅತ್ಯಾಚಾರ ಮಾಡಿದ ಚಿತ್ರಕಾರನ ವಿಚಾರಣೆ ರೋಮಿನಲ್ಲಿ 1612ರಲ್ಲಿ ನಡೆಯಿತು. ನಿಜ ಹೇಳುತ್ತಿದ್ದಾಳೋ ಅಂತ ಪರೀಕ್ಷಿಸಲು ಬೆರಳಿಗೆ ಹಗ್ಗ ಬಿಗಿದು ಹಿಂಸೆ ಕೊಟ್ಟದ್ದು ಆಕೆಗೆ, ಅವನಿಗಲ್ಲ. ಆದ್ದರಿಂದ ಈ ಚಿತ್ರ ಸೇಡಿನದು ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಅದು ಅವಸರದ ಮಾತು ಅನ್ನಿಸುತ್ತದೆ. ಯಾಕೆಂದರೆ 1610ರಲ್ಲೇ, ಹದಿನೇಳರ ಹರೆಯದಲ್ಲಿ, ಆಕೆ ಸುಸನ್ನಳ ಕಥೆಯ ಚಿತ್ರ ಬರೆದಿದ್ದಾಳೆ. ಸ್ನಾನ ಮಾಡುತ್ತಿರುವ ಹೆಂಗಸನ್ನು ಇಬ್ಬರು ಹಿರಿಯರು ಇಣುಕಿ ನೋಡಿ ಬೆದರಿಸುವ ಕಥೆ. ಗಂಡಸರು ಬರೆದ ಎಷ್ಟೋ ಚಿತ್ರಗಳಲ್ಲಿ ನಾವೂ ಆ ಮುದುಕರ ಜೊತೆ ನಿಂತು ಇಣುಕುತ್ತೇವೆ. ಆರ್ಟೆಮಿಸಿಯಾಳ ಚಿತ್ರದಲ್ಲಿ ಸುಸನ್ನಳಿಗೆ ಅಸಹ್ಯ ಆಗಿರುವುದು ನೇರ ಕಾಣುತ್ತದೆ. ಕಥೆ ಹೇಗೆ ಓದಬೇಕು ಅಂತ ಆಕೆಗೆ ವಿಚಾರಣೆಗಿಂತ ಮೊದಲೇ ಗೊತ್ತಿತ್ತು.

ಕಿರುದೀಪ:

ನಾನು ನಂಬುವವಳು. ಮೊದಲೇ ಹೇಳಿಬಿಡುತ್ತೇನೆ. ನೀವೆಲ್ಲ ಚಿತ್ರ, ರಾಜಕೀಯ ಅಂತ ಮಾತಾಡುತ್ತಿದ್ದೀರಿ. ಹೆಚ್ಚಿನ ಜನಕ್ಕೆ ಈ ಕಥೆಗಳು ಬಂದದ್ದು ಕಿವಿಯಿಂದ. ಮನೆಯಲ್ಲಿ, ಆರಾಧನೆಯಲ್ಲಿ, ಸಾವಿನ ಮನೆಯಲ್ಲಿ. ಅಲ್ಲಿ ಯಾರೂ ಕರವಾಜ್ಜೊನನ್ನು ನೆನೆಸುವುದಿಲ್ಲ.

ಕಥೆ ನೀತಿಯನ್ನು ಹೇಗೆ ತಲುಪಿಸುತ್ತದೆ ಅಂತ ಬೈಬಲೇ ಒಂದು ಕಡೆ ತೋರಿಸಿಕೊಟ್ಟಿದೆ. ಎರಡನೆಯ ಸಮುವೇಲ, ಅಧ್ಯಾಯ 12. ದಾವೀದ ರಾಜ ಊರೀಯನ ಹೆಂಡತಿ ಬತ್ಷೆಬೆಯನ್ನು ತನ್ನವಳಾಗಿಸಿಕೊಂಡು, ಊರೀಯನನ್ನು ಯುದ್ಧದಲ್ಲಿ ಸಾಯಿಸಿದ್ದಾನೆ. ಪ್ರವಾದಿ ನಾತಾನ ಬರುತ್ತಾನೆ. ಬೈಯುವುದಿಲ್ಲ. ಒಂದು ಕಥೆ ಹೇಳುತ್ತಾನೆ. ಒಬ್ಬ ಸಿರಿವಂತ, ಒಬ್ಬ ಬಡವ. ಬಡವನಿಗೆ ಮಗಳ ಹಾಗೆ ಸಾಕಿದ ಒಂದೇ ಕುರಿಮರಿ. ಮನೆಗೆ ಬಂದ ಅತಿಥಿಗೆ ಅಡುಗೆ ಮಾಡಲು ಸಿರಿವಂತ ತನ್ನ ಹಿಂಡು ಬಿಟ್ಟು ಆ ಮರಿಯನ್ನೇ ಕಿತ್ತುಕೊಳ್ಳುತ್ತಾನೆ. ದಾವೀದ ಸಿಟ್ಟಿನಿಂದ ಕುದಿದು, ಅವನು ಸಾಯಬೇಕು ಅನ್ನುತ್ತಾನೆ. ನಾತಾನ ಹೇಳುವುದು: ಆ ಮನುಷ್ಯ ನೀನೇ.

ನೇರ ಹೇಳಿದ್ದರೆ ರಾಜ ಸಮರ್ಥಿಸಿಕೊಳ್ಳುತ್ತಿದ್ದ. ಕಥೆಯೊಳಗೆ ಅವನೇ ತೀರ್ಪು ಕೊಟ್ಟು ಸಿಕ್ಕಿಬಿದ್ದ. ಮಸಿಕುಡಿಕೆ ಅವರೇ, ಇಲ್ಲಿ ಯಾರೂ ಕಥೆಯನ್ನು ತಿರುಚಲಿಲ್ಲ. ಕಥೆಯೇ ಕೇಳುವವನನ್ನು ತಿರುಗಿಸಿತು.

ಮಸಿಕುಡಿಕೆ:

ಒಳ್ಳೆಯ ಉದಾಹರಣೆ. ಆದರೆ ಅಲ್ಲಿ ಬಡವನ ಕಡೆಯವನು ರಾಜನಿಗೆ ಕಥೆ ಹೇಳಿದ. ರಾಜನ ಕಡೆಯವರು ಬಡವನಿಗೆ ಹೇಳಿದಾಗ ಏನಾಗುತ್ತದೆ?

ಹಳೇ ಮೇಷ್ಟ್ರು:

ಈ ಪ್ರಶ್ನೆಗೆ ಇತಿಹಾಸದಲ್ಲಿ ಖಚಿತ ಉತ್ತರ ಇದೆ, ಅದು ಮುದ್ರಣವಾಗಿದೆ. 1807ರಲ್ಲಿ ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚಾಯಿತು. ವೆಸ್ಟ್ ಇಂಡೀಸ್ ದ್ವೀಪಗಳ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರಿಗಾಗಿ ಆಯ್ದ ಭಾಗಗಳು ಅಂತ ಮುಖಪುಟದಲ್ಲೇ ಬರೆದಿತ್ತು. ಪ್ರೊಟೆಸ್ಟೆಂಟ್ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ. ಇದರಲ್ಲಿ ಉಳಿದದ್ದು 232.

ಏನು ಬಿಟ್ಟರು ಅನ್ನುವುದೇ ಪಾಠ. ಮೋಶೆ ತನ್ನ ಜನರನ್ನು ಐಗುಪ್ತದ ಗುಲಾಮಗಿರಿಯಿಂದ ಬಿಡಿಸಿಕೊಂಡು ಹೋಗುವ ಭಾಗ ಇಲ್ಲ. ಕ್ರಿಸ್ತನಲ್ಲಿ ಆಳು, ಸ್ವತಂತ್ರ ಎಂಬ ಭೇದವಿಲ್ಲ ಎನ್ನುವ ಪೌಲನ ಮಾತು ಇಲ್ಲ. ಆಳುಗಳು ಒಡೆಯರ ಮಾತು ಕೇಳಬೇಕು ಅನ್ನುವ ಎಫೆಸದವರಿಗೆ ಬರೆದ ಪತ್ರದ ಭಾಗ ಇದೆ. ಗುಲಾಮನಾಗಿ ಮಾರಾಟವಾದರೂ ನಿಷ್ಠೆಯಿಂದ ದುಡಿದ ಯೋಸೇಫನ ಕಥೆ ಇದೆ. ಕತ್ತರಿ ಹಿಡಿದವರಿಗೆ ಕಥೆಯ ಬಲ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಕತ್ತರಿಸುವ ತೊಂದರೆ ಯಾಕೆ ತೆಗೆದುಕೊಳ್ಳುತ್ತಿದ್ದರು?

ಮೋಶೆಯ ಈ ಬಿಡುಗಡೆಯ ಕಥೆ ಇರುವ ಪುಸ್ತಕ ವಿಮೋಚನಕಾಂಡ. ಅದು ಅಮೆರಿಕದಲ್ಲಿ ಏನೇನಾಯಿತು ನೋಡಿ. 1776ರಲ್ಲಿ ಹೊಸ ದೇಶಕ್ಕೆ ಮುದ್ರೆ ಬೇಕಿತ್ತು. ಮೋಶೆ ಸಮುದ್ರದ ದಡದಲ್ಲಿ ಕೈಚಾಚಿ ನಿಂತಿರಲಿ, ಬೆನ್ನಟ್ಟಿ ಬಂದ ಐಗುಪ್ತದ ರಾಜ ಫರೋಹನ ಸೈನ್ಯ ಮುಳುಗುತ್ತಿರಲಿ ಅಂತ ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ. ಜೆಫರ್ಸನ್ ಅರಣ್ಯದಲ್ಲಿ ಅಗ್ನಿಸ್ತಂಭದ ಹಿಂದೆ ನಡೆಯುವ ಇಸ್ರಾಯೇಲ್ಯರನ್ನು, ಅಂದರೆ ಮೋಶೆಯ ಜನರನ್ನು, ಸೂಚಿಸಿದ. ಅವರ ಲೆಕ್ಕದಲ್ಲಿ ಫರೋಹ ಅಂದರೆ ಇಂಗ್ಲೆಂಡಿನ ರಾಜ. ಅದೇ ಜೆಫರ್ಸನ್ ನೂರಾರು ಗುಲಾಮರ ಒಡೆಯ. ಆ ಗುಲಾಮರೂ ಇದೇ ಕಥೆ ಹಾಡುತ್ತಿದ್ದರು. ಅವರ ಹಾಡಿನಲ್ಲಿ ಫರೋಹ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. 1849ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು, ಮತ್ತೆ ಮತ್ತೆ ವಾಪಸು ಹೋಗಿ ಬೇರೆಯವರನ್ನು ಕರೆತಂದ ಹ್ಯಾರಿಯೆಟ್ ಟಬ್ಮನ್‌ಗೆ ಜನ ಇಟ್ಟ ಹೆಸರು ಮೋಶೆ.

ಎದುರು ಪಾಳಯಕ್ಕೂ ಒಂದು ಕಥೆ ಇತ್ತು. ಆದಿಕಾಂಡ 9. ಕುಡಿದು ಮಲಗಿದ್ದ ನೋಹನ ಬೆತ್ತಲೆ ಮೈಯನ್ನು ಮಗ ಹಾಮ ನೋಡಿದ. ಎಚ್ಚರವಾದ ನೋಹ ಶಪಿಸಿದ. ಆದರೆ ಶಪಿಸಿದ್ದು ಹಾಮನನ್ನಲ್ಲ, ಅವನ ಮಗ ಕಾನಾನನನ್ನು. ಕಪ್ಪು ಚರ್ಮದ ಮಾತೇ ಆ ಅಧ್ಯಾಯದಲ್ಲಿ ಇಲ್ಲ. ಆದರೂ ಆಫ್ರಿಕದವರೆಲ್ಲ ಶಾಪಗ್ರಸ್ತ ಹಾಮನ ಸಂತತಿ ಅಂತ ಶತಮಾನಗಳ ಕಾಲ ಬೋಧಿಸಿದರು. 1861ರಲ್ಲಿ ಗುಲಾಮಗಿರಿಯ ಪರ ಹೊಸ ಒಕ್ಕೂಟ ಕಟ್ಟಿದ ದಕ್ಷಿಣದ ರಾಜ್ಯಗಳ ಉಪಾಧ್ಯಕ್ಷ ಅಲೆಗ್ಸಾಂಡರ್ ಸ್ಟೀಫನ್ಸ್ ತನ್ನ ಹೆಸರಾಂತ ಭಾಷಣದಲ್ಲಿ ಕಾನಾನನ ಶಾಪವನ್ನು ಎತ್ತಿ ಆಡಿದ್ದಾನೆ.

ಮಾರ್ಟಿನ್ ಲೂಥರ್ ಕಿಂಗ್ ಕೊನೆಯ ಭಾಷಣ ಮಾಡಿದ್ದು 1968ರ ಏಪ್ರಿಲ್ 3ರಂದು, ಮೆಂಫಿಸ್‌ನಲ್ಲಿ. ಅಲ್ಲಿ ಅವರು, ದೇವರು ಮಾತು ಕೊಟ್ಟ ವಾಗ್ದತ್ತ ದೇಶವನ್ನು ಬೆಟ್ಟದ ಮೇಲಿಂದ ನೋಡಿ, ಒಳಗೆ ಕಾಲಿಡದೆ ಸತ್ತ ಮೋಶೆ. ತಾನು ಅಲ್ಲಿಗೆ ಹೋಗಲಾರದೆ ಇರಬಹುದು ಅಂದರು. ಮರುದಿನ ಕೊಲೆಯಾಯಿತು. ಪಕ್ಕದಲ್ಲಿ ಹಾಮನ ಕಥೆ ಇಟ್ಟು ನೋಡಿ. ಎರಡೂ ಒಂದೇ ಪುಸ್ತಕದ್ದು.

ಜೋಳಿಗೆ:

ಮೇಷ್ಟ್ರೇ, ವಾಗ್ದತ್ತ ದೇಶ ಖಾಲಿ ಇರಲಿಲ್ಲ ಅನ್ನುವುದನ್ನೂ ಸೇರಿಸಿ. ಅಲ್ಲಿ ಕಾನಾನ್ಯರು ಇದ್ದರು. ಯೆಹೋಶುವನ ಪುಸ್ತಕ ಓದಿದರೆ ಅವರನ್ನು ಹೇಗೆ ಕೊಂದು ನೆಲ ಹಿಡಿದರು ಅಂತ ಗೊತ್ತಾಗುತ್ತದೆ. ಅಮೆರಿಕದ ಮೂಲನಿವಾಸಿ ಚಿಂತಕರು ಇದನ್ನೇ ಕೇಳಿದ್ದಾರೆ: ಬಿಡುಗಡೆಯ ಕಥೆ ಸರಿ, ಆ ಕಥೆಯಲ್ಲಿ ನಾವು ಯಾರು? ದಕ್ಷಿಣ ಆಫ್ರಿಕದ ಡಚ್ ಮೂಲದ ವಲಸಿಗರು 1830ರ ದಶಕದಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಒಳನಾಡಿಗೆ ಹೊರಟಾಗ ತಮ್ಮನ್ನು ಇಸ್ರಾಯೇಲ್ಯರು ಅಂದುಕೊಂಡರು. ನೂರೈವತ್ತು ವರ್ಷದ ಮೇಲೆ ಅವರ ವಂಶದವರ ಆಳ್ವಿಕೆಯ ವಿರುದ್ಧ ನಿಂತ ಬಿಷಪ್ ಡೆಸ್ಮಂಡ್ ಟುಟು ಪ್ರಸಂಗಗಳಲ್ಲಿ ಹೇಳಿದ್ದೂ ವಿಮೋಚನಕಾಂಡವನ್ನೇ.

ಸುಮ್ನೆ ಓದುವವ:

ಹಾಗಾದರೆ ಕಥೆ ಒಂದು ಚಾಕು. ಹಣ್ಣೂ ಹೆಚ್ಚಬಹುದು, ಕುತ್ತಿಗೆಯೂ ಕೊಯ್ಯಬಹುದು. 'ನೈತಿಕತೆಯ ಮೇಲೆ ಬೈಬಲ್ ಪ್ರಭಾವ' ಅನ್ನುವ ಮಾತಿಗೇ ಅರ್ಥ ಇಲ್ಲ ಅಂತಾಯಿತು.

ಇನ್ನೊಂದು ಸಂಗತಿ. ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆ ಎಲ್ಲರಿಗೂ ಗೊತ್ತು. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಯಾಜಕ ನೋಡಿ ಹೋದ, ದೇವಾಲಯದ ಸೇವೆಯ ಕುಲದವನಾದ ಲೇವಿಯ ನೋಡಿ ಹೋದ, ಸಮಾರ್ಯದವನು ನಿಂತು ಕಾಪಾಡಿದ. 1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಅನ್ನುವ ಮನೋವಿಜ್ಞಾನಿಗಳು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ನಡೆದದ್ದು ಪ್ರಿನ್ಸ್‌ಟನ್‌ನಲ್ಲಿ, ಧರ್ಮಶಾಸ್ತ್ರ ಓದುತ್ತಿದ್ದ ವಿದ್ಯಾರ್ಥಿಗಳ ಮೇಲೆ. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಸಣ್ಣ ಭಾಷಣ ಮಾಡಿ ಅಂದರು. ಕೆಲವರಿಗೆ ವಿಷಯ ಇದೇ ಸಮಾರ್ಯದವನ ಕಥೆ, ಕೆಲವರಿಗೆ ಬೇರೆ ವಿಷಯ. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತಿದ್ದ. ಅವನು ಪ್ರಯೋಗದವರೇ ಕೂರಿಸಿದ ನಟ. 'ಬೇಕಾದಷ್ಟು ಸಮಯ ಇದೆ' ಅಂತ ಹೇಳಿ ಕಳಿಸಿದವರಲ್ಲಿ ಶೇ. 63 ಜನ ಸಹಾಯ ಮಾಡಿದರು. 'ತಡವಾಗಿದೆ, ಬೇಗ ಹೋಗಿ' ಅಂತ ಓಡಿಸಿದವರಲ್ಲಿ ಶೇ. 10. ತಲೆಯಲ್ಲಿ ಆ ಕಥೆ ಇತ್ತೋ ಬೇರೆ ಇತ್ತೋ ಅನ್ನುವುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಕಥೆ ಹೇಳಲು ಓಡುತ್ತಿದ್ದವರೇ ಕಥೆಯ ಲೇವಿಯರಾದರು.

ಕಿರುದೀಪ:

ಆ ಪ್ರಯೋಗದ ಬಗ್ಗೆ ನನ್ನ ಸಭಾಪಾಲಕರೇ ಪ್ರಸಂಗದಲ್ಲಿ ಹೇಳಿದ್ದಾರೆ. ನಮ್ಮವರಿಗೆ ಅದು ಹೊಸದೇನಲ್ಲ! ಯಾಜಕನಿಗೂ ಆ ದಿನ ಎಲ್ಲೋ ತಡವಾಗಿತ್ತೇನೋ.

ಆದರೆ ಹತ್ತು ನಿಮಿಷದ ಹಿಂದೆ ಓದಿದ ಕಥೆ ಹತ್ತು ನಿಮಿಷದಲ್ಲಿ ಮನುಷ್ಯನನ್ನು ಬದಲಿಸಬೇಕು ಅಂತ ಯಾಕೆ ನಿರೀಕ್ಷಿಸುತ್ತೀರಿ? ಕಥೆ ಕೆಲಸ ಮಾಡುವುದು ನಿಧಾನವಾಗಿ, ಹೆಚ್ಚಾಗಿ ಒಬ್ಬೊಬ್ಬರ ಮೂಲಕ ಅಲ್ಲ, ಸಮಾಜದ ನಿಯಮಗಳ ಮೂಲಕ. ದಾರಿಯಲ್ಲಿ ಬಿದ್ದವನಿಗೆ ನೆರವಾದ ವೈದ್ಯನ ಮೇಲೆ ಆಮೇಲೆ ಕೇಸು ಹಾಕುವಂತಿಲ್ಲ ಅನ್ನುವ ಕಾನೂನು ಕ್ಯಾಲಿಫೋರ್ನಿಯದಲ್ಲಿ 1959ರಲ್ಲಿ ಬಂತು. ಆಮೇಲೆ ಇಂಥ ಕಾನೂನು ಎಷ್ಟೋ ಕಡೆ ಬಂತು. ಹಲವು ಕಡೆ ಅದನ್ನು ಕರೆಯುವುದು ಸಮಾರ್ಯದವನ ಹೆಸರಿನಲ್ಲೇ. ಬೈಬಲ್ ಮುಟ್ಟದ ವಕೀಲರೂ ಆ ಹೆಸರು ಹೇಳುತ್ತಾರೆ.

ಇನ್ನು ಚಾಕುವಿನ ಮಾತು. ಆ ಕಥೆಯನ್ನು ಯಾವ ಪ್ರಶ್ನೆಗೆ ಹೇಳಿದ್ದು ನೋಡಿ. 'ನನ್ನ ನೆರೆಯವನು ಯಾರು' ಅಂತ ಶಾಸ್ತ್ರ ಬಲ್ಲವನೊಬ್ಬ ಕೇಳಿದ. ಅವನು ಯೆಹೂದ್ಯ. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯೇ ಇರಲಿಲ್ಲ. ಯೇಸು ಅವನ ಶತ್ರುವನ್ನೇ ನಾಯಕ ಮಾಡಿದ. ಕೇಳಿದವನಿಗೆ ಸಮಾರ್ಯದವನು ಅಂತ ಬಾಯಿಬಿಟ್ಟು ಹೇಳಲೂ ಆಗಲಿಲ್ಲ, 'ಅವನಿಗೆ ದಯೆ ತೋರಿಸಿದವನೇ' ಅಂತ ಸುತ್ತಿ ಹೇಳಿದ. ಇಂಥ ಕಥೆಯನ್ನು ಯಾರ ವಿರುದ್ಧ ಕತ್ತಿ ಮಾಡುತ್ತೀರಿ? ಎಲ್ಲ ಕಥೆಗಳೂ ಒಂದೇ ಸಮ ತಿರುಚಲು ಸಿಗುವುದಿಲ್ಲ.

ಹಳೇ ಮೇಷ್ಟ್ರು:

ಕೊನೆಯ ಸಾಲು ಒಪ್ಪಿದೆ. ನನ್ನ ಪಟ್ಟಿಯಲ್ಲೂ ಗುಲಾಮರ ಒಡೆಯರು ವಿಮೋಚನಕಾಂಡವನ್ನು ತಿರುಚಲು ಹೋಗಲಿಲ್ಲ, ಕಿತ್ತೇಹಾಕಿದರು. ಕತ್ತರಿಸದೆ ಅದು ಅವರಿಗೆ ಒಗ್ಗುತ್ತಿರಲಿಲ್ಲ. ಹಾಮನ ಕಥೆಗೆ ಕತ್ತರಿ ಬೇಕಾಗಲಿಲ್ಲ, ಎರಡು ಸುಳ್ಳು ಸೇರಿಸಿದರೆ ಸಾಕಾಯಿತು.

ಪಾಪಕ್ಕಾಗಿ ದೇವರು ಬೆಂಕಿ ಸುರಿಸಿ ಸುಟ್ಟ ಊರು ಸೊದೋಮಿನ ಕಥೆ ಇನ್ನೊಂದು ಬಗೆ. ಅದರ ಪಾಪ ಯಾವುದು ಅಂತ ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ: ಸಲಿಂಗಕಾಮ. ಪ್ರವಾದಿ ಯೆಹೆಜ್ಕೇಲನ ಪುಸ್ತಕದ 16ನೇ ಅಧ್ಯಾಯ ಕೊಡುವ ಉತ್ತರ ಬೇರೆ: ಸೊಕ್ಕು, ಹೊಟ್ಟೆತುಂಬ ಅನ್ನ, ನೆಮ್ಮದಿಯ ಬಾಳು, ಇಷ್ಟಿದ್ದೂ ಬಡವರ ಕೈಹಿಡಿಯಲಿಲ್ಲ. ಈ ಉತ್ತರ ಪ್ರಸಿದ್ಧವಾಗಲಿಲ್ಲ. ಯಾಕೆ ಅಂತ ನೀವೇ ಊಹಿಸಿ.

ಜೋಳಿಗೆ:

ಹವ್ವಳ ಕಥೆಯನ್ನೂ ಇದೇ ಸಾಲಿಗೆ ಸೇರಿಸಿ. 1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಲು ಶುರುಮಾಡಿದ. 'ನೋವಿನಿಂದಲೇ ಹೆರುವಿ' ಅಂತ ದೇವರು ಹವ್ವಳಿಗೆ ಹೇಳಿದ್ದಾನಲ್ಲ ಅನ್ನುವ ಆಕ್ಷೇಪಕ್ಕೆ ಅವನು ಒಂದು ಕಿರುಪುಸ್ತಕವನ್ನೇ ಬರೆದ. ಅದರಲ್ಲಿ ಒಂದು ವಾದ ನನಗೆ ತುಂಬ ಇಷ್ಟ. ಆದಾಮನ ಪಕ್ಕೆಲುಬು ತೆಗೆಯುವ ಮೊದಲು ದೇವರು ಅವನಿಗೆ ಗಾಢನಿದ್ರೆ ಬರಿಸಿದನಲ್ಲ! ಕಥೆಗೆ ಕಥೆಯಿಂದಲೇ ಉತ್ತರ. 1853ರಲ್ಲಿ ವಿಕ್ಟೋರಿಯಾ ರಾಣಿ ಹೆರಿಗೆಗೆ ಕ್ಲೋರೋಫಾರ್ಮ್ ತೆಗೆದುಕೊಂಡ ಮೇಲೆ ಗಲಾಟೆ ತಣ್ಣಗಾಯಿತು.

ಕಾಜಾಣ:

ಕತ್ತರಿಯ ಮಾತು ಬಂದದ್ದಕ್ಕೆ ಎರಡು ಚಿತ್ರಗಳು.

1573, ವೆನಿಸ್. ವೆರೊನೀಸೆ ಒಂದು ಮಠದ ಊಟದ ಮನೆಗೆ ಯೇಸುವಿನ ಕಡೆಯ ಭೋಜನ ಬರೆದ. ಅಗಲ ಹನ್ನೆರಡು ಮೀಟರಿಗಿಂತ ಹೆಚ್ಚು. ಜಾಗ ತುಂಬಬೇಕಲ್ಲ, ಕುಡುಕರು, ಕುಳ್ಳರು, ವಿದೂಷಕ, ಜರ್ಮನ್ ಸೈನಿಕರು, ನಾಯಿ, ಎಲ್ಲ ಬಂದರು. ಧರ್ಮವಿಚಾರಣೆಯ ನ್ಯಾಯಾಲಯ ಕರೆಸಿ ಕೇಳಿತು, ಇವರನ್ನೆಲ್ಲ ಕರ್ತನ ಊಟಕ್ಕೆ ಕರೆದವರು ಯಾರು? ಕವಿಗಳಿಗೆ, ಹುಚ್ಚರಿಗೆ ಇರುವ ಸ್ವಾತಂತ್ರ್ಯ ನಮಗೂ ಇದೆ ಅಂತ ವೆರೊನೀಸೆ ಉತ್ತರಿಸಿದ. ಮೂರು ತಿಂಗಳಲ್ಲಿ ಚಿತ್ರ ತಿದ್ದು ಅಂತ ಆಜ್ಞೆಯಾಯಿತು. ಅವನು ಚಿತ್ರ ತಿದ್ದಲಿಲ್ಲ, ಹೆಸರು ತಿದ್ದಿದ. ಲೇವಿ ಎಂಬ ಸುಂಕದವನ ಮನೆಯ ಔತಣ ಅಂತ ಬರೆದ. ಲೂಕ 5ರ ಆ ಊಟಕ್ಕೆ ಪಾಪಿಗಳೆಲ್ಲ ಬಂದಿದ್ದರು, ಹಾಗಾಗಿ ಕುಡುಕರೂ ಇರಬಹುದು!

ಎರಡನೆಯದರಲ್ಲಿ ನಗು ಇಲ್ಲ. ಹೆರೋದ ರಾಜ ಬೆತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಕೊಲ್ಲಿಸಿದ ಕಥೆಯನ್ನು ಬ್ರೂಗಲ್ 1560ರ ದಶಕದಲ್ಲಿ ಬರೆದ. ಬೆತ್ಲೆಹೇಮ್ ಎಲ್ಲೂ ಇಲ್ಲ. ಹಿಮ ಬಿದ್ದ ಫ್ಲಾಂಡರ್ಸ್‌ನ ಹಳ್ಳಿ, ಅವನ ಕಾಲದ ಸೈನಿಕರು, ಮನೆ ಮನೆ ಬಾಗಿಲು ಒಡೆಯುತ್ತಿದ್ದಾರೆ. ಆಗ ಆ ನಾಡು ಸ್ಪೇನಿನ ಕೈಯಲ್ಲಿತ್ತು. ಆಮೇಲೆ ಚಿತ್ರ ಚಕ್ರವರ್ತಿ ಎರಡನೇ ರುಡಾಲ್ಫನ ಸಂಗ್ರಹಕ್ಕೆ ಹೋಯಿತು. ಅಲ್ಲಿ ಸತ್ತ ಮಕ್ಕಳ ಮೇಲೆಲ್ಲ ಬಣ್ಣ ಬಳಿದು ಗಂಟುಮೂಟೆ, ಪ್ರಾಣಿ, ಹಕ್ಕಿ ಬರೆಸಿದರು. ಈಗ ಅದು ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿದೆ. ತಾಯಂದಿರು ಬಟ್ಟೆಗಂಟಿಗಾಗಿ ಎದೆ ಬಡಿದುಕೊಂಡು ಅಳುತ್ತಿರುವ ಹಾಗೆ ಕಾಣುತ್ತದೆ. ಮುಖದ ದುಃಖ ಅಳಿಸಲು ಯಾರಿಗೂ ತೋಚಲಿಲ್ಲ.

ಮಸಿಕುಡಿಕೆ:

ಕಾಜಾಣ, ಈ ಎರಡನೆಯದು ನನಗೆ ಗೊತ್ತೇ ಇರಲಿಲ್ಲ. ಇದಕ್ಕೋಸ್ಕರವೇ ಈ ಚರ್ಚೆ ಶುರುಮಾಡಿದ್ದು ಅನ್ನಿಸಿತು.

ಕಿರುದೀಪ ಅವರು ಕೆಲವು ಕಥೆ ಸುಲಭಕ್ಕೆ ತಿರುಚಲು ಸಿಗುವುದಿಲ್ಲ ಅಂದರು. ಒಪ್ಪುತ್ತೇನೆ. ಆದರೆ ಶಿಲುಬೆಯ ಕಥೆಯೇ, ಅಂದರೆ ಇಡೀ ಪುಸ್ತಕದ ನಡುಗಂಬವೇ, ಯೆಹೂದ್ಯರ ಮೇಲೆ ದ್ವೇಷಕ್ಕೆ ಬಳಕೆಯಾಯಿತಲ್ಲ. ಮತ್ತಾಯ 27ರಲ್ಲಿ ಗುಂಪು ಕೂಗುವ ಒಂದು ಮಾತು, 'ಅವನ ರಕ್ತ ನಮ್ಮ ಮೇಲೆಯೂ ನಮ್ಮ ಮಕ್ಕಳ ಮೇಲೆಯೂ ಇರಲಿ'. ಇದನ್ನು ಹಿಡಿದು ಒಂದು ಇಡೀ ಜನಾಂಗಕ್ಕೆ ಕೊಲೆಯ ಹೊಣೆ ಹೊರಿಸಿದರು. ಜರ್ಮನಿಯ ಓಬರಾಮ್ಮರ್‌ಗೌ ಹಳ್ಳಿಯವರು ಪ್ಲೇಗಿನಿಂದ ಉಳಿದರೆ ಯೇಸುವಿನ ಮರಣದ ನಾಟಕ ಆಡುತ್ತೇವೆ ಅಂತ ಹರಕೆ ಹೊತ್ತು 1634ರಲ್ಲಿ ಶುರುಮಾಡಿದರು. ಇವತ್ತಿಗೂ ಹತ್ತು ವರ್ಷಕ್ಕೊಮ್ಮೆ ಆಡುತ್ತಾರೆ. 1934ರಲ್ಲಿ ಹಿಟ್ಲರ್ ಬಂದು ನೋಡಿದ, ಮೆಚ್ಚಿದ. ಯಾಕೆ ಮೆಚ್ಚಿದ ಅನ್ನುವುದು ಸ್ಪಷ್ಟ. ಎಲ್ಲ ಯೆಹೂದ್ಯರೂ ಹೊಣೆ ಅನ್ನುವ ಮಾತನ್ನು ಕಥೋಲಿಕ ಧರ್ಮಸಭೆ ಅಧಿಕೃತವಾಗಿ ತಳ್ಳಿಹಾಕಿದ್ದು 1965ರಲ್ಲಿ. ನಾಟಕದ ಮಾತುಗಳೂ ಆಮೇಲೆ ಕ್ರಮೇಣ ಬದಲಾದವು.

ಇದಕ್ಕೆ ಉತ್ತರ ಕೊಟ್ಟವನೂ ಒಬ್ಬ ಯೆಹೂದ್ಯ ಚಿತ್ರಕಾರ. ಮಾರ್ಕ್ ಶಗಾಲ್, 1938. ಅವನ ಶಿಲುಬೆಯ ಮೇಲಿರುವ ಯೇಸುವಿನ ಸೊಂಟಕ್ಕೆ ಯೆಹೂದ್ಯರ ಪ್ರಾರ್ಥನೆಯ ವಸ್ತ್ರ ಸುತ್ತಿದೆ. ಸುತ್ತ ಉರಿಯುವ ಹಳ್ಳಿ, ಉರಿಯುವ ಸಿನಗಾಗ್, ಗಂಟು ಹೊತ್ತು ಓಡುವ ಜನ. ಶಿಲುಬೆಗೇರಿದವನು ಯೆಹೂದ್ಯ ಅಂತ ಯುರೋಪಿಗೆ ನೆನಪಿಸಿದ, ಅಷ್ಟೇ.

ಕಿರುದೀಪ:

ಇದಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ, ಮಾಡಲೂ ಬಾರದು. ಕೇಳಿಕೊಂಡು ಕೂರಬೇಕಾದ ಮಾತು.

ಒಂದು ಮಾತ್ರ ಸೇರಿಸುತ್ತೇನೆ. ಸಂಗೀತಗಾರ ಹ್ಯಾಂಡೆಲ್ ಬೈಬಲಿನ ಮಾತುಗಳಿಗೆ ರಾಗ ಹಾಕಿದ 'ಮೆಸ್ಸಾಯ'ವನ್ನು ಮೊದಲು ಹಾಡಿದ್ದು 1742ರ ಏಪ್ರಿಲ್‌ನಲ್ಲಿ, ಡಬ್ಲಿನ್‌ನಲ್ಲಿ. ಬಂದ ಹಣ ಆಸ್ಪತ್ರೆಗಳಿಗೆ ಮತ್ತು ಸಾಲ ತೀರಿಸಲಾಗದೆ ಸೆರೆಯಲ್ಲಿದ್ದವರಿಗೆ ಹೋಯಿತು. 142 ಜನ ಬಿಡುಗಡೆಯಾದರು. ಪ್ರಭಾವ ಅಂದರೆ ಇದೂ ಲೆಕ್ಕಕ್ಕೆ ಬರಲಿ.

ಸುಮ್ನೆ ಓದುವವ:

142 ಜನ. ಈ ಲೆಕ್ಕ ನನಗೆ ಹಿಡಿಸಿತು, ವಾದ ಇಲ್ಲ.

ಹಳೇ ಮೇಷ್ಟ್ರು:

ಇನ್ನೊಂದು ತಮಾಷೆ. ನ್ಯೂಯಾರ್ಕಿನ ವಿಶ್ವಸಂಸ್ಥೆಯ ತೋಟದಲ್ಲಿ ಒಬ್ಬ ಮನುಷ್ಯ ಸುತ್ತಿಗೆಯಿಂದ ಕತ್ತಿಯನ್ನು ಬಡಿದು ನೇಗಿಲ ಗುಳ ಮಾಡುವ ಕಂಚಿನ ಮೂರ್ತಿ ಇದೆ. ಯೆಶಾಯ 2ನೇ ಅಧ್ಯಾಯದ ಮಾತು ಅದು. 1959ರಲ್ಲಿ ಅದನ್ನು ಉಡುಗೊರೆ ಕೊಟ್ಟದ್ದು ಸೋವಿಯತ್ ಒಕ್ಕೂಟ. ದೇವರಿಲ್ಲ ಅಂತ ಮಕ್ಕಳಿಗೆ ಶಾಲೆಯಲ್ಲಿ ಕಲಿಸುತ್ತಿದ್ದ ಸರ್ಕಾರ!

ನಮ್ಮ ಭಾಷೆಯಲ್ಲೂ ನೋಡಿ. ಯೇಸುವಿನ ಕಡೆಯ ದಿನದ ಮೇಲೆ 'ಗೊಲ್ಗೊಥಾ' ಬರೆದ ಗೋವಿಂದ ಪೈಗಳು ಕ್ರೈಸ್ತರಲ್ಲ. ಬುದ್ಧನ ಕಡೆಯ ದಿನದ ಮೇಲೆ 'ವೈಶಾಖಿ' ಬರೆದವರೂ ಅವರೇ. ಕಥೆ ಹಿಡಿಸಲು ಮತ ಬದಲಿಸಬೇಕಾಗಿಲ್ಲ.

ಹೊಸ ಸದಸ್ಯೆ:

ಎಲ್ಲ ಓದಿದೆ. ನಾನು ಬೈಬಲ್ ಓದಿಯೇ ಇಲ್ಲ, ಚಿತ್ರಗಳನ್ನು ನೋಡುವುದು ಇಷ್ಟ. ಆದಿಕಾಂಡದಿಂದ ಶುರುಮಾಡಿದರೆ ಮುಗಿಯುತ್ತದೆ ಅನ್ನುವ ನಂಬಿಕೆ ಇಲ್ಲ. ಯಾವುದಾದರೂ ಒಂದು ಕಥೆ ಹೇಳಿ, ಪುಸ್ತಕ, ಚಿತ್ರ ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡುವಂಥದ್ದು.

ಕಾಜಾಣ:

ಕಿರುದೀಪ ಅವರು ಹೇಳಿದ ಅದೇ ಕಥೆ. ಎರಡನೆಯ ಸಮುವೇಲ, 11 ಮತ್ತು 12. ಅರ್ಧ ಗಂಟೆ ಬೇಡ. ಚಿತ್ರ ಮೊದಲು ನೋಡಬೇಡಿ. ಓದುವಾಗ ಒಂದನ್ನು ಗಮನಿಸಿ: ಬತ್ಷೆಬೆಗೆ ಏನನ್ನಿಸಿತು ಅಂತ 11ನೇ ಅಧ್ಯಾಯ ಹೇಳುವುದೇ ಇಲ್ಲ. ರಾಜ ಆಳುಗಳನ್ನು ಕಳಿಸಿ ಕರೆಸಿದ, ಅವಳು ಬಂದಳು. ಆಮೇಲೆ 'ನಾನು ಗರ್ಭಿಣಿ' ಅಂತ ಹೇಳಿಕಳಿಸುತ್ತಾಳೆ. ಗಂಡ ಸತ್ತಾಗ ಅತ್ತಳು ಅಂತಿದೆ. ಅಷ್ಟೇ.

ಆಮೇಲೆ ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ರೆಂಬ್ರಾಂಟ್‌ನ ಬತ್ಷೆಬೆಯನ್ನು ನೋಡಿ, 1654ರದು. ದೊಡ್ಡ ಚಿತ್ರ, ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಅದರಲ್ಲಿ ದಾವೀದ ಇಲ್ಲ. ಇಣುಕುವವರು ಇಲ್ಲ. ಕಾಲು ತೊಳೆಯುವ ಮುದುಕಿ, ಮತ್ತು ಅವಳು. ಕೈಯಲ್ಲಿ ಒಂದು ಪತ್ರ. ಓದಿ ಮುಗಿಸಿದ್ದಾಳೆ. ಹೋಗಲೂ ಆಗದು, ಬಿಡಲೂ ಆಗದು ಅನ್ನುವುದು ಮುಖದಲ್ಲಿದೆ. ರೂಪದರ್ಶಿ ರೆಂಬ್ರಾಂಟ್‌ನ ಸಂಗಾತಿ ಹೆಂಡ್ರಿಕ್ಯೆ ಸ್ಟೊಫೆಲ್ಸ್ ಅಂತ ಹೆಚ್ಚಿನವರು ಹೇಳುತ್ತಾರೆ. ಅದೇ ವರ್ಷ ಮದುವೆಯಾಗದೆ ಅವನ ಜೊತೆ ಬಾಳುತ್ತಿದ್ದಾಳೆ ಅಂತ ಚರ್ಚಿನ ಹಿರಿಯರು ಆಕೆಯನ್ನು ವಿಚಾರಣೆಗೆ ಕರೆದಿದ್ದರು.

ಈಗ ಪುಸ್ತಕಕ್ಕೆ ಮರಳಿ ಪತ್ರ ಹುಡುಕಿ. ಬತ್ಷೆಬೆಗೆ ಬಂದ ಪತ್ರ ಅಲ್ಲಿಲ್ಲ. ಇರುವುದು ಬೇರೆ ಪತ್ರ, 14ನೇ ವಚನದಲ್ಲಿ. ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ಬಿಟ್ಟು ಸಾಯುವ ಹಾಗೆ ಮಾಡಿ ಅಂತ ದಾವೀದ ಸೇನಾಪತಿ ಯೋವಾಬನಿಗೆ ಬರೆದದ್ದು. ಅದನ್ನು ಯಾರ ಕೈಯಲ್ಲಿ ಕೊಟ್ಟು ಕಳಿಸಿದ ಅನ್ನುವುದನ್ನು ನಾನು ಹೇಳುವುದಿಲ್ಲ, ನೀವೇ ಓದಿ. ಓದಿದ ಮೇಲೆ ಇಲ್ಲೇ ಬಂದು ಬರೆಯಿರಿ, ರೆಂಬ್ರಾಂಟ್ ಯಾಕೆ ಆ ಪತ್ರವನ್ನು ಇವಳ ಕೈಗೆ ಕೊಟ್ಟ ಅಂತ ಜಗಳ ಆಡೋಣ.